ಬಿಸಿಲಿಗೆ ಎದ್ದ ನವಿಲುಗರಿ

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಮೈಸೂರಿನ ಅಂಟು ತಯಾರಿಸುವ ಕಂಪನಿಯೊಂದರಲ್ಲಿ ನಾನು ಟೆಕ್ನಿಕಲ್ ಸರ್ವೀಸ್ ಅಧಿಕಾರಿ. ಹೆಸರು ದೊಡ್ಡದು, ಕೆಲಸ ಗಿರಾಕಿಗಳಿಂದ ಬೈಸಿಕೊಳ್ಳುವುದು. ಆ ಏಪ್ರಿಲ್‌ನಲ್ಲಿ ಹಿನಕಲ್‌ನಿಂದ ಮಂಗಳಾ ಎಂಬಾಕೆ ಫೋನ್ ಮಾಡಿದರು. “ಸಾರ್, ನಿಮ್ಮ ಅಂಟಿನಿಂದ ನನ್ನ ಕೆಲಸ ಹೋಗ್ತಾ ಇದೆ. ಒಂದ್ಸಲ ಬಂದು ನೋಡಿ.”

ಆಕೆಯ ಮಾವ ಶಿವಬಸಪ್ಪನವರದು ಇನ್‌ಲೇ ಕೆಲಸದಲ್ಲಿ ಪಳಗಿದ ಕೈ. ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಬಣ್ಣಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವ ಕೆಲಸ ಅದು. ಸೊಸೆಗೂ ಕಲಿಸಿದ್ದರು. ಮೂಳೆ, ಚರ್ಮ ಬೇಯಿಸಿ ಮಾಡುವ ಹಳೆಯ ಮರವಜ್ರದ ಅಂಟು ಬಿಡಿಸಿ ನಮ್ಮ ಬಿಳಿ ಅಂಟು ತರಿಸಿದ್ದು ಮಂಗಳಾ. ಆಕೆ ಮೊದಲ ಸಲ ಒಬ್ಬರೇ ಮಾಡಿದ ನವಿಲಿನ ಫಲಕ ಯಾದವಗಿರಿಯ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ನಾನು ಹೋಗಿ ನೋಡಿದರೆ ಗರಿಗಳೆಲ್ಲ ಎದ್ದು ನಿಂತಿದ್ದವು.

“ಈ ಹಾಲಿನಂಥ ಅಂಟು ನಂಬ್ಕೊಂಡು ಕೆಟ್ಟೆ ಕಣ್ರೀ. ಇನ್ಮೇಲೆ ಇವಳು ಪಾಲಿಶ್ ಮಾಡ್ಕೊಂಡಿರಲಿ, ಚಿತ್ರ ಮುಟ್ಟೋದು ಬೇಡ,” ಅಂದರು ಶಿವಬಸಪ್ಪ. ಮಂಗಳಾ ಎದ್ದ ಗರಿಯೊಂದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಅಂಟಿಸಿದ ಮೇಲೆ ಏನು ಮಾಡಿದಿರಿ ಅಂತ ಕೇಳಿದೆ. “ರಾತ್ರಿ ಕ್ಲಾಂಪ್ ಹಾಕಿ ಅದುಮಿ ಬಿಗಿದಿದ್ದೆ ಸಾರ್. ಬೆಳಿಗ್ಗೆ ನೋಡಿದ್ರೆ ಫಲಕಾನೇ ಇರ್ಲಿಲ್ಲ,” ಅಂದರು ಮಂಗಳಾ.

“ನಾನೇ ಬಿಚ್ಚಿ ತಾರಸಿ ಮೇಲಿಟ್ಟೆ,” ಅಂದರು ಮಾವ. “ಎರಡು ಬಿಸಿಲು ಕಾಣಿಸ್ದೆ ನಮ್ಮನೆಯಿಂದ ಯಾವ ಫಲಕಾನೂ ಹೋಗಿಲ್ಲ.”

ಸಿಕ್ಕಿತಲ್ಲ! ಅಲ್ಲೇ ಬಿಸಿಲಲ್ಲಿದ್ದ ಕಪ್ಪು ಬೀಟೆ ಹಲಗೆಗೆ ಥರ್ಮಾಮೀಟರ್ ಹಿಡಿದೆ. ಅರವತ್ತು ಡಿಗ್ರಿ. ಮರವಜ್ರ ಒಣಬಿಸಿಲಿಗೆ ಜಗ್ಗದು. ನಮ್ಮದು ಪಾಲಿವಿನೈಲ್ ಅಸಿಟೇಟ್, ಥರ್ಮೋಪ್ಲಾಸ್ಟಿಕ್. ನಲವತ್ತೈದು ಐವತ್ತು ಡಿಗ್ರಿ ದಾಟಿದರೆ ಮೇಣದ ಹಾಗೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿ; ಮೆತ್ತಗಾದಾಗ ಬಿಸಿಲಿಗೆ ಸೊಟ್ಟಗಾಗುವ ಚೂರುಗಳನ್ನು ಹಿಡಿದಿಡಲಾರದು ಅಂತ ಬಿಡಿಸಿ ಹೇಳಿದೆ.

“ಹಂಗಾದ್ರೆ ನಾನೇ ಕೆಡಿಸ್ಬುಟ್ನಾ?” ಹಿರಿಯರ ಮುಖ ಬಾಡಿತು.

“ಹೌದು ಸ್ವಾಮಿ. ಆದ್ರೆ ಬಿಸಿ ಕೆಡಿಸಿದ್ದನ್ನ ಬಿಸಿಯೇ ಸರಿ ಮಾಡುತ್ತೆ. ಇಸ್ತ್ರಿಪೆಟ್ಟಿಗೆ ಇದೆಯಾ?”

ಗರಿಗಳ ಮೇಲೆ ಕಾಗದ ಹಾಸಿ ಮಂಗಳಾ ಹದವಾಗಿ ಇಸ್ತ್ರಿ ಒತ್ತಿದರು. ಅಂಟು ಮೆತ್ತಗಾಗಿ ಗರಿಗಳು ಒಂದೊಂದಾಗಿ ಗುಳಿಗೆ ಕೂತವು. ಒಂದು ಮಾತ್ರ ಸೀಳಿತು, ಹೊಸದು ಕೊಯ್ದು ಕೂರಿಸಿದರು. ಮತ್ತೆ ಕ್ಲಾಂಪ್ ಬಿಗಿದು ನೆರಳಲ್ಲಿಟ್ಟೆವು.

ಸಂಜೆ ವರದಿ ಬರೆಯುವಾಗ ನಮ್ಮ ಅಂಟಿನ ಡಬ್ಬಿ ತಿರುಗಿಸಿ ಸೂಚನೆ ಓದಿದೆ. ಬಿಸಿಲಿನ ಮಾತೇ ಇರಲಿಲ್ಲ. ನಾಚಿಕೆಯಾಯಿತು. ಹೊಸ ವಸ್ತು ಕೊಟ್ಟರೆ ಸಾಲದು, ಹಳೆಯ ಯಾವ ಅಭ್ಯಾಸ ಬಿಡಬೇಕೆಂದೂ ಹೇಳಬೇಕು. ವರದಿಯಲ್ಲಿ ನಮ್ಮ ತಪ್ಪನ್ನೇ ಮೊದಲು ಬರೆದೆ. ನನ್ನ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಅದು.

ಮಾರನೆಯ ದಿನ ಹೋದವನು ಆತುರ ತಡೆಯದೆ ಕ್ಲಾಂಪಿಗೆ ಕೈ ಹಾಕಿದೆ. ಶಿವಬಸಪ್ಪ ನನ್ನ ಕೈ ಹಿಡಿದರು.

“ತಡೀರಿ ಸ್ವಾಮಿ. ಮಂಗಳಾ ಬರ್ಲಿ. ಅವಳು ಬಿಚ್ಚಿ ಅಂದ್ಮೇಲೆ ಬಿಚ್ಚೋಣ.”