ನಾಲ್ಕು ಬೆಟ್ಟಕ್ಕೆ ಮೊಮ್ಮಗಳು ತಯಾರಾದದ್ದು

ಅದು ಐವತ್ತೆಂಟು, ಐವತ್ತೊಂಬತ್ತರ ಸುಮಾರು. ಶಿಕಾರಿಪುರದ ಪೇಟೆ ಮುಗಿದು ಗದ್ದೆ ಶುರುವಾಗುವ ಕಡೆ ನಮ್ಮ ಮನೆ. ಮಗ, ಸೊಸೆ ಬೆಳಗಾದರೆ ಹೊಲಕ್ಕೆ ಹೊರಟುಬಿಡುತ್ತಿದ್ದರು. ಹೈಸ್ಕೂಲಿಗೆ ಹೋಗುವ ಮೊಮ್ಮಗಳ ಜಡೆ, ಊಟ, ಜಗಳ ಎಲ್ಲ ನನ್ನ ಪಾಲಿಗೆ. ಒಂದು ಸಂಜೆ ಅವಳು ಓಡಿ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೇ ನುಗ್ಗಿದಳು.

"ಅಜ್ಜಿ, ನಾಲ್ಕು ದಿನಕ್ಕೆ ನಾಲ್ಕು ಬೆಟ್ಟ. ಕೊಡಚಾದ್ರಿನೂ ಅದ್ರಾಗೆ ಐತಿ. ಬೇರೆ ಬೇರೆ ಊರಿನ ಹುಡುಗೇರು ಬರ್ತಾರೆ. ನಮ್ಮ ಶಾಲೆಯಿಂದ ಮೂರೇ ಜನಕ್ಕೆ ಜಾಗ."

"ಮೊದಲು ಚಪ್ಪಲಿ ಬಿಡು. ಯಾಕೆ ಹತ್ತಬೇಕಂತೆ, ಹರಕೆನಾ?"

"ಹರಕೆ ಅಲ್ಲ. ಸುಮ್ನೆ ಹತ್ತೋದು, ಇಳಿಯೋದು."

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ನಮ್ಮ ಯಜಮಾನರು ಅಲ್ಲಿಂದಲೇ ಹೇಳಿದರು. "ಸುಮ್ನೆ ಹತ್ತಾಕೆ ಬೆಟ್ಟ ಯಾಕವ್ವಾ? ಅಟ್ಟ ಹತ್ತಿ ಹುಣಸೆಹಣ್ಣು ತಗಿ ಅಂದ್ರೆ ಮೂಗು ಮುರೀತೀ."

ಅವಳು ನಗಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಇದು ಎರಡು ದಿನದಲ್ಲಿ ಮರೆಯುವ ಆಸೆಯಲ್ಲ ಎಂದು. ಓಟದಲ್ಲಿ ಅವಳು ಹಿಂದೆ, ಹಾಡಿನಲ್ಲಿ ಗಂಟಲು ನಡುಗುತ್ತದೆ, ನಾಟಕಕ್ಕೆ ಯಾರೂ ಕರೆಯುವುದಿಲ್ಲ. ಕಡ್ಡಿಯಂಥ ಹುಡುಗಿ. ಶಾಲೆಯಲ್ಲಿ ಯಾವುದಕ್ಕೂ ಆರಿಸದ ಹುಡುಗಿ ಈ ಮೂವರಲ್ಲಿ ಒಬ್ಬಳಾಗಬೇಕು ಎಂದು ಊಟ ಬಿಟ್ಟು ಕೂತಿದ್ದಳು.

ಮಗನನ್ನು ಒಪ್ಪಿಸಲು ಅವಳ ಡ್ರಿಲ್ ಟೀಚರೇ ಮನೆಗೆ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಸುಗ್ಗಿ ಮುಗಿದ ಮೇಲೆ ಚಂದ್ರಗುತ್ತಿ ಗುಡ್ಡದಲ್ಲಿ ಪರೀಕ್ಷೆ ಎಂದರು. ಒಂದೇ ದಿನ ಎರಡು ಸಲ ಹತ್ತಬೇಕು. ಬುತ್ತಿ, ನೀರು, ಹೊದಿಕೆ ತುಂಬಿದ ಚೀಲ ಜೊತೆಗಿರಬೇಕು. ತುದಿ ಮುಟ್ಟುವ ಮೊದಲು ಚೀಲವನ್ನು ನೆಲಕ್ಕಿಟ್ಟವರು ಅಲ್ಲಿಗೇ ಹೊರಗೆ. ಶಾಲೆಯಲ್ಲಿ ಇರುವ ಚೀಲಗಳು ಕಡಿಮೆ, ಅವನ್ನು ಆ ದಿನವೇ ಕೊಡುವುದು.

"ಅಲ್ಲಿ ತನಕ ಮನೇಲೇ ಭಾರ ಹೊತ್ತು ಏರು ಹತ್ತೋದು ರೂಢಿ ಮಾಡಿಸ್ರಿ," ಎಂದು ನನಗೆ ಹೇಳಿ ಮಜ್ಜಿಗೆ ಕುಡಿದು ಹೋದರು.

ಅಷ್ಟು ಸಾಕಾಯಿತು ನನಗೆ. ಭಾರ ಹೊರುವುದನ್ನು ನನಗೆ ಯಾರು ಹೇಳಿಕೊಡಬೇಕು? ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಿಟ್ಟ ಮಾರನೆಯ ದಿನದಿಂದ ಗೊಬ್ಬರದ ಬುಟ್ಟಿ, ಸೊಪ್ಪಿನ ಹೊರೆ, ನೀರಿನ ಕೊಡ ಹೊತ್ತವಳು.

ಆದರೆ ಶಿಕಾರಿಪುರದ ಸುತ್ತ ಏರು ಎಲ್ಲಿದೆ? ಕೆರೆಯ ಏರಿ ಒಂದೇ. ಅದರ ಮೇಲೆ ಒಂದು ವಾರ ಹತ್ತಿಸಿ ಇಳಿಸಿದೆ. ಬಟ್ಟೆ ಒಗೆಯುವ ಹೆಂಗಸರು "ಏನ್ರೀ ಅಮ್ಮಾರೆ, ಹುಡುಗಿ ಏನು ತಪ್ಪು ಮಾಡ್ಯಾಳ?" ಎಂದು ಕೇಳತೊಡಗಿದರು. ಆಮೇಲೆ ರಜೆ ಬಂದಾಗಲೆಲ್ಲ ಅವಳನ್ನು ಬಸ್ಸು ಹತ್ತಿಸಿ ಸೊರಬದ ಕಡೆ, ನನ್ನ ತವರು ಹೊಸಬಾಳೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಮನೆಯ ಹಿಂದೆಯೇ ದಿಬ್ಬ, ದಿಬ್ಬದ ಮೇಲೆ ತಮ್ಮನ ಹೊಲ. ಕೊಟ್ಟಿಗೆಯ ಗೊಬ್ಬರವೆಲ್ಲ ತಲೆಯ ಮೇಲೇ ಅಲ್ಲಿಗೆ ಏರಬೇಕು.

ತಮ್ಮನ ಹೆಂಡತಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಎಂತದು ಅತ್ತಿಗೆ, ಈ ಕಡ್ಡಿ ಮೇಲೆ ಬುಟ್ಟಿ ಇಟ್ರೆ ಬುಟ್ಟಿನೇ ಕಾಣ್ತದೆ, ಹುಡುಗಿ ಕಾಣಲ್ಲ."

"ನಿಂಗೆ ಗೊಬ್ಬರ ಹೊಲಕ್ಕೆ ಹೋದ್ರೆ ಸಾಕಲ್ಲ, ಸುಮ್ನಿರು ಮಾರಾಯ್ತಿ."

"ಹಂಗಾದ್ರೆ ದಿನಾ ಕರ್ಕೊಂಡು ಬಾ. ನನ್ನ ಸೊಂಟಕ್ಕೂ ರಜೆ ಸಿಗ್ತದೆ."

ಹಳೇ ಸೀರೆಯ ತುಂಡನ್ನು ಸುತ್ತಿ ಸಿಂಬೆ ಮಾಡುವುದರಿಂದ ಶುರು ಮಾಡಿದೆ. ಸಿಂಬೆ ಸಡಿಲವಾದರೆ ಬುಟ್ಟಿ ಕುಣಿಯುತ್ತದೆ, ಬಿಗಿಯಾದರೆ ನೆತ್ತಿ ನೋಯುತ್ತದೆ. ಬುಟ್ಟಿ ಬಂದ ಮೇಲೆ ಬೆನ್ನು ಕಂಬದ ಹಾಗೆ ನೆಟ್ಟಗಿರಬೇಕು. ಕಾಲನ್ನು ನೋಡಬಾರದು, ನೆಲವನ್ನು ಅಂಗಾಲೇ ಹುಡುಕಿಕೊಳ್ಳುತ್ತದೆ. ಮೊದಲ ದಿನವೇ ಅವಳು ಕಾಲು ನೋಡಿದಳು. ಬುಟ್ಟಿಯ ಗೊಬ್ಬರವೆಲ್ಲ ಅವಳ ಮೈಮೇಲೆ. ತಮ್ಮನ ಹೆಂಡತಿ ಬೇಲಿ ಹಿಡಿದು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. "ಇನ್ನು ಒಂದು ಮಳೆ ಬಂದ್ರೆ ಹುಡುಗಿ ಚಿಗುರ್ತಾಳೆ" ಎಂದಳು. ಹುಡುಗಿ ಅತ್ತಳು, ಬಚ್ಚಲಿಗೆ ಹೋಗಿ ಮಿಂದಳು, ತಾನೇ ಇನ್ನೊಂದು ಬುಟ್ಟಿ ತುಂಬಿದಳು.

ಚಳಿ ಕಳೆಯುವ ಹೊತ್ತಿಗೆ ಅವಳ ಕುತ್ತಿಗೆ ನಿಂತಿತ್ತು. ತುಂಬಿದ ಬುಟ್ಟಿಗೆ ಕೈ ಕೊಡದೆ, ಪೇರಲೆಹಣ್ಣು ಕಚ್ಚುತ್ತಾ ದಿಬ್ಬ ಏರುತ್ತಿದ್ದಳು. ಉಸಿರೂ ಏರುತ್ತಿರಲಿಲ್ಲ. ಚಂದ್ರಗುತ್ತಿ ಏನು, ಕೊಡಚಾದ್ರಿಯೇ ಬರಲಿ ಎಂದುಕೊಂಡೆವು ನಾವು.

ಪರೀಕ್ಷೆಯ ದಿನ ಹುಡುಗಿಯರ ಜೊತೆ ಒಬ್ಬರು ಹಿರಿಯ ಹೆಂಗಸು ಇರಲಿ ಎಂದು ಟೀಚರು ನನ್ನನ್ನೂ ಕರೆದರು. ಅವಲಕ್ಕಿ, ಮೊಸರು ಕಟ್ಟಿಕೊಂಡು ಹೋದೆ. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಟೀಚರು ಖಾಕಿ ಚೀಲಗಳನ್ನು ಹಂಚಿದರು. ಪ್ರತಿ ಚೀಲಕ್ಕೂ ಎರಡು ಪಟ್ಟಿ. ಹುಡುಗಿಯರು ಒಬ್ಬೊಬ್ಬರಾಗಿ ಪಟ್ಟಿಯೊಳಗೆ ತೋಳು ತೂರಿಸಿ ಚೀಲವನ್ನು ಬೆನ್ನಿಗೇರಿಸಿದರು.

ನನ್ನ ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಭಾರ ಹೊರುವುದು ಎಂದರೆ ಬೆನ್ನಿನ ಮೇಲೆ ಎಂದು ನಮ್ಮ ಮನೆಯಲ್ಲಾಗಲಿ ತವರಿನಲ್ಲಾಗಲಿ ಯಾರಿಗೂ ಹೊಳೆದಿರಲಿಲ್ಲ. ಟೀಚರಿಗೂ ಹೇಳಬೇಕೆಂದು ಹೊಳೆದಿರಲಿಲ್ಲ.

ಮೊದಲನೆಯ ಸಲ ಹತ್ತುವುದನ್ನು ಕೆಳಗಿನಿಂದ ನೋಡಿದೆ. ಬೇರೆ ಹುಡುಗಿಯರು ಮುಂದಕ್ಕೆ ಬಾಗಿ ಹೋಗುತ್ತಿದ್ದರು. ಇವಳ ಬೆನ್ನು ಮಾತ್ರ ನಾನು ಕಲಿಸಿದ ಹಾಗೆ ನೆಟ್ಟಗೆ. ಚೀಲ ಹಿಂದಕ್ಕೆ ಎಳೆಯುತ್ತಿತ್ತು, ಅವಳು ಇನ್ನೂ ನೆಟ್ಟಗಾಗುತ್ತಿದ್ದಳು. ಬಂಡೆ ಕಡಿದಾದ ಕಡೆ ಹಿಂದಕ್ಕೆ ವಾಲಿದಳು. ಒಂದು ಗಿಡ ಕೈಗೆ ಸಿಕ್ಕಿ ಹೇಗೋ ನಿಂತಳು. ಎಲ್ಲರಿಗಿಂತ ಕೊನೆಗೆ ತುದಿ ಮುಟ್ಟಿ, ಎಲ್ಲರಿಗಿಂತ ಕೊನೆಗೆ ಇಳಿದು ಬಂದಳು. ಎರಡೂ ಹೆಗಲಿಗೆ ಕೆಂಪಗೆ ಬರೆ ಬಿದ್ದಿತ್ತು.

"ಸಾಕು ಬಿಡು ಮಗಾ, ಮನೆಗೆ ಹೋಗಾಣ" ಎಂದೆ.

"ಅವಲಕ್ಕಿ ಕೊಡು" ಎಂದಳು. ಅರ್ಧ ತಿಂದು, ಮತ್ತೆ ಪಟ್ಟಿಗೆ ತೋಳು ತೂರಿಸಿ ಹೊರಟಳು.

ಎರಡನೆಯ ಸಲವೂ ಅದೇ ಜಾಗ, ಅದೇ ಬಂಡೆ. ಅಲ್ಲಿ ಅವಳು ನಿಂತುಬಿಟ್ಟಳು. ಉಳಿದವರು ಮುಂದೆ ಹೋದರು. ನಾನು ಕೆಳಗೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದೆ. ಆಗ ನೋಡಿದರೆ ಅವಳು ಹೆಗಲ ಮೇಲಿನ ದಾವಣಿಯನ್ನು ಎಳೆದು ಏನೋ ಸುತ್ತುತ್ತಿದ್ದಾಳೆ. ಸುತ್ತಿ ನೆತ್ತಿಯ ಮೇಲಿಟ್ಟಳು. ಒಂದು ತೋಳಿನಿಂದ ಪಟ್ಟಿ ಕಳಚಿ, ಚೀಲವನ್ನು ಮುಂದಕ್ಕೆ ತಿರುಗಿಸಿ, ನೆಲಕ್ಕೆ ಸೋಕಿಸದೆ ಎತ್ತಿ ತಲೆಗಿಟ್ಟುಕೊಂಡಳು.

ಆಮೇಲೆ ನೋಡಬೇಕಿತ್ತು ನೀವು. ಚೀಲದಿಂದ ಎರಡೂ ಕೈ ಬಿಟ್ಟು ಬಂಡೆಯನ್ನು ಬೆರಳಲ್ಲಿ ಹಿಡಿದು ಹತ್ತಿದಳು. ಗುಡ್ಡದ ಮರ ಕಡಿಮೆಯಿರುವ ಮೈ ಅದು, ಕೆಳಗಿನಿಂದ ಎಲ್ಲ ಕಾಣುತ್ತದೆ. ಖಾಕಿ ಚೀಲವೊಂದು ಗುಡ್ಡದ ಮೇಲೆ ತಾನಾಗಿಯೇ ತೇಲಿದ ಹಾಗೆ ಏರುತ್ತಿತ್ತು. ಒಬ್ಬಳನ್ನು ದಾಟಿತು, ಇನ್ನಿಬ್ಬರನ್ನು ದಾಟಿತು.

ಎಲ್ಲರೂ ಇಳಿದು ಬಂದ ಮೇಲೆ ಮಾತು ಬೆಳೆಯಿತು. ದಪ್ಪ ಜಡೆಯ ಹುಡುಗಿಯೊಬ್ಬಳು ಹೇಳಿದಳು. "ಟೀಚರ್, ಎಲ್ರೂ ಬೆನ್ನ ಮೇಲೆ ಹೊತ್ತಿದೀವಿ. ಇವಳು ಮೊಸರು ಮಾರೋಳ ಥರ ಹತ್ತಿದಾಳೆ."

"ಮೊಸರು ಮಾರೋಳು ನಿನಗಿಂತ ಮೊದ್ಲು ತುದಿಗೆ ಹೋದ್ಲಲ್ಲ" ಎಂದಳು ನನ್ನ ಮೊಮ್ಮಗಳು. ಅವಳಿಗೆ ಅಂಥ ಬಾಯಿ ಇದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಟೀಚರು ಇಬ್ಬರನ್ನೂ ಸುಮ್ಮನಿರಿಸಿದರು. "ಚೀಲ ನೆಲಕ್ಕೆ ಮುಟ್ಟಿಸಿದ್ಯಾ?"

"ಇಲ್ಲ ಟೀಚರ್."

"ಯಾರಾದ್ರೂ ಎತ್ತಿಕೊಟ್ರಾ?"

"ಇಲ್ಲ."

ಟೀಚರು ಅವಳ ಚೀಲವನ್ನು ಕೈಯಲ್ಲೆತ್ತಿ ತೂಕ ನೋಡಿದರು. ನಾನು ಬಾಯಿ ಬಿಡಬಾರದೆಂದು ವೀಳ್ಯ ಹಾಕಿಕೊಂಡೆ.

"ಕಾಡೊಳಗೆ ತಲೆಗೆ ಕೊಂಬೆ ತಾಗ್ತದೆ. ಕೊಡಚಾದ್ರಿ ತುದೀಲಿ ಗಾಳಿ ನಿಲ್ಲೋಕೆ ಬಿಡಲ್ಲ. ಅಲ್ಲಿ ಇದು ನಡೆಯಲ್ಲ ಕಣೆ" ಎಂದರು. ಹುಡುಗಿಯ ಮುಖ ಇಳಿಯಿತು. "ಆದ್ರೆ ದಮ್ಮು ಐತಿ ನಿನಗೆ. ಈ ಚೀಲ ಮನೆಗೆ ತಗೊಂಡು ಹೋಗು. ಹೊರಡೋ ಮುಂಚೆ ಇದೇ ಗುಡ್ಡಕ್ಕೆ ಮತ್ತೆ ಕರ್ಕೊಂಡು ಬರ್ತೀನಿ. ಬೆನ್ನ ಮೇಲೆ ಹೊತ್ತು ಹತ್ತಿದ್ರೆ ಮೂರನೇ ಜಾಗ ನಿಂದು. ಇಲ್ಲದಿದ್ರೆ ಇವಳದು." ದಪ್ಪ ಜಡೆಯವಳ ಕಡೆ ಬೆರಳು ತೋರಿಸಿದರು.

ಮನೆಗೆ ಬಂದು ಚೀಲವನ್ನು ಗೂಟಕ್ಕೆ ನೇತುಹಾಕಿ ಎಲ್ಲರೂ ಅದನ್ನೇ ನೋಡುತ್ತಾ ಕೂತೆವು. ನೆಟ್ಟಗೆ ನಿಲ್ಲುವುದನ್ನು ಅಷ್ಟು ಕಷ್ಟಪಟ್ಟು ಕಲಿಸಿದ್ದೆ, ಈಗ ಅದನ್ನೇ ಬಿಡಿಸಬೇಕು. "ಬಾಗು" ಎಂದರೆ ಸೊಂಟದಿಂದ ಬಾಗಿ ನೆಲ ಗುಡಿಸುವವಳ ಹಾಗೆ ನಡೆಯುತ್ತಿದ್ದಳು. "ಅಷ್ಟಲ್ಲ" ಎಂದರೆ ಮತ್ತೆ ಕಂಬ. ಅವಳು ಶಾಲೆಗೆ ಹೋದಾಗ ನಾನೇ ಹಿತ್ತಲಲ್ಲಿ ಚೀಲ ಬೆನ್ನಿಗೇರಿಸಿ ನೋಡಿದೆ. ಮೂರು ಹೆಜ್ಜೆಗೆ ಹುಲ್ಲಿನ ಬಣವೆಯ ಬುಡದಲ್ಲಿ ಅಂಗಾತ ಬಿದ್ದೆ. ಯಜಮಾನರು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತು ನೋಡಿದರು.

"ನೀನೂ ಹೊಂಟೀಯೇನು ಕೊಡಚಾದ್ರಿಗೆ?"

"ಕೈ ಕೊಡ್ರಿ ಮೊದ್ಲು."

ಅವರು ಕೈ ಕೊಡಲಿಲ್ಲ, ಯೋಚನೆಯಲ್ಲಿ ಬಿದ್ದಿದ್ದರು. "ಅಲ್ಲಾ, ಈ ಹುಡುಗಿ ಸಣ್ಣಾಕಿದ್ದಾಗ ನೀನು ಉಪ್ಪಿನ ಮೂಟೆ ಮಾಡಿ ಕೆರೆ ತನಕ ಹೊತ್ಕೊಂಡು ಹೋಗ್ತಿದ್ದೆಲ್ಲ. ಆವಾಗ ಹೆಂಗ ನಡೀತಿದ್ದಿ?"

ಹೌದಲ್ಲ. ಮಗುವನ್ನು ಬೆನ್ನಿಗೆ ಹಾಕಿಕೊಂಡು ಉಪ್ಪು ಬೇಕೇ ಉಪ್ಪು ಎಂದು ಮನೆ ಮನೆ ತಿರುಗುವಾಗ ಯಾರಾದರೂ ನೆಟ್ಟಗೆ ನಿಲ್ಲುತ್ತಾರೆಯೇ? ಮೊಣಕಾಲು ಸ್ವಲ್ಪ ಮಡಿಸಿ, ಮಗುವಿನ ಎದೆ ನಮ್ಮ ಬೆನ್ನಿಗೆ ಅಂಟುವಷ್ಟು ಮಾತ್ರ ಬಾಗುತ್ತೇವೆ. ಅದನ್ನು ಯಾರೂ ಕಲಿಸುವುದಿಲ್ಲ, ಮಗು ಜಾರಬಾರದು ಅಷ್ಟೆ.

ಅವತ್ತು ಸಂಜೆ ಪಕ್ಕದ ಮನೆಯ ಪುಟ್ಟ ಹುಡುಗಿಯನ್ನು ಇವಳ ಬೆನ್ನಿಗೇರಿಸಿದೆವು. ಒಂದೇ ಸಲಕ್ಕೆ ನಡಿಗೆ ಸರಿಯಾಯಿತು. ಎರಡು ದಿನ ಆ ಮಗುವನ್ನು ಹೊರಿಸಿ ಕೆರೆ ಏರಿ ಹತ್ತಿಸಿದೆ, ಮೂರನೆಯ ದಿನ ಮಗುವನ್ನು ಇಳಿಸಿ ಚೀಲ ಹಾಕಿದೆ. ಮಗು ಜಾಗ ಹೋಯಿತೆಂದು ರಂಪ ಮಾಡಿತು. ನಡಿಗೆ ಮಾತ್ರ ಹಾಗೇ ಉಳಿಯಿತು. ಮುಂದಿನ ರಜೆಗೆ ಹೊಸಬಾಳೆಯ ದಿಬ್ಬ ಹತ್ತಿಸಿದೆ. "ಗೊಬ್ಬರ ಯಾರು ಹೊರ್ತಾರೆ ಈಗ?" ಎಂದು ತಮ್ಮನ ಹೆಂಡತಿಗೆ ಸಿಟ್ಟು.

ಟೀಚರು ಮಾತು ಉಳಿಸಿಕೊಂಡರು. ಇಬ್ಬರು ಹುಡುಗಿಯರನ್ನೂ ಗುಡ್ಡಕ್ಕೆ ಕರೆದುಕೊಂಡು ಹೋದರು. ಈ ಸಲ ನಾನು ಹೋಗಲಿಲ್ಲ, ಹೋಗುವ ಧೈರ್ಯವಿರಲಿಲ್ಲ. ಬಂದ ಮೇಲೆ ಮೊಮ್ಮಗಳು ಚೀಲವನ್ನು ಬೆನ್ನಿಂದ ಇಳಿಸದೆ ಹಾಗೇ ಅಂಗಳದಲ್ಲಿ ಒಂದು ಸುತ್ತು ಹಾಕಿದಳು. ಜಾಗ ಅವಳದೇ ಎಂದು ತಿಳಿಯಲು ನನಗೆ ಅಷ್ಟೇ ಸಾಕಾಯಿತು.

ಹುಡುಗಿಯರು ನಾಲ್ಕು ಬೆಟ್ಟ ಮುಗಿಸಿ ಮರಳುವ ದಿನ ನಾನು, ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಶಿವಮೊಗ್ಗದ ಬಸ್ಸು ತಿರುವಿನಲ್ಲಿ ಕಾಣುತ್ತಲೇ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಬಿಸಿಲಿಗೆ ಕಪ್ಪಾದ ಕೈ. ಹೆಬ್ಬೆರಳು ಮಡಿಸಿ ನಾಲ್ಕು ಬೆರಳು ಎತ್ತಿತ್ತು. ನಾಲ್ಕೂ. ಒಂದನ್ನೂ ಬಿಟ್ಟಿರಲಿಲ್ಲ. ಬಸ್ಸು ನಿಂತ ಮೇಲೂ ಅವಳು ಆ ಬೆರಳು ಇಳಿಸಲಿಲ್ಲ.

ಮರುದಿನ ನಾನು ಬೆಲ್ಲ ತರುವ ನೆಪ ಮಾಡಿಕೊಂಡು ಪೇಟೆಗೆ ಹೋದೆ. ಮನೆಯಲ್ಲಿ ಬೆಲ್ಲ ಬೇಕಾದಷ್ಟಿತ್ತು. ಸಿಕ್ಕವರಿಗೆಲ್ಲ ಹೇಳಿದೆ, ಸಿಗದವರ ಬಾಗಿಲು ತಟ್ಟಿ ಹೇಳಿದೆ. ಬೆಲ್ಲದ ಅಂಗಡಿ ತಲುಪುವಷ್ಟರಲ್ಲಿ ನಾಲ್ಕು ಬೆಟ್ಟ ಅದು ಹೇಗೋ ಐದಾಗಿತ್ತು. ಸಂಜೆ ಅಂಗಡಿಯವರ ಹೆಂಡತಿ ಹುಡುಗಿಯನ್ನು ನೋಡಲೆಂದೇ ಮನೆಗೆ ಬಂದು, ಐದನೆಯ ಬೆಟ್ಟ ಯಾವುದಮ್ಮಾ ಎಂದು ಕೇಳಿದರು.

ಮೊಮ್ಮಗಳು ನನ್ನ ಕಡೆ ತಿರುಗಿ ನೋಡಿದಳು. "ಅದನ್ನ ನಮ್ಮಜ್ಜಿ ಹತ್ತಿದ್ದು ರೀ" ಎಂದಳು. "ಅವರನ್ನೇ ಕೇಳ್ರಿ."