ಅಪ್ಪನ ಚಾವಿ ಮತ್ತು ಅರವತ್ತಡಿ ದೋಣಿ

ಬೇಸಿಗೆಯ ಶುರುವಿನಲ್ಲಿ ಅಪ್ಪ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿರುವ ಅಕ್ಕನ ಮನೆಯಲ್ಲಿ ಗ್ಯಾರೇಜಿನ ಬಾಗಿಲಿಗೆ ಕಾರು ಗುದ್ದಿದ. ಬಾಗಿಲು ತೆರೆದಿದೆ ಎಂದುಕೊಂಡು ರಿವರ್ಸ್ ತೆಗೆದಿದ್ದನಂತೆ. ಅವತ್ತೇ ಅಕ್ಕ ಚಾವಿ ಕಿತ್ತುಕೊಂಡಳು. ಫ್ರಿಸ್ಕೋದಲ್ಲಿ ಕಾರಿಲ್ಲದವನು ಕೊತ್ತಂಬರಿ ಸೊಪ್ಪಿಗೂ ಮಗಳ ಮುಖ ನೋಡಬೇಕು. ಅಪ್ಪ ಆರು ವಾರ ನೋಡಿದ.

ಹಾಗಾಗಿ ಅಪ್ಪ, ಅವ್ವ, ಅಕ್ಕ, ನಾನು ಹೋಗಿದ್ದ ಇಂಗ್ಲೆಂಡ್ ಪ್ರವಾಸದ ಕೊನೆಯ ದಿನ ನದಿಯಲ್ಲಿ ಸುತ್ತಲು ನ್ಯಾರೋಬೋಟ್ ಬಾಡಿಗೆಗೆ ಹಿಡಿದಾಗ ಅಪ್ಪ ಚೌಕಾಸಿಗೆ ಇಳಿದ. ನ್ಯಾರೋಬೋಟ್ ಎಂದರೆ ರೈಲಿನ ಬೋಗಿಯನ್ನು ಹಿಂಡಿ ನೀರಿಗೆ ಬಿಟ್ಟ ಹಾಗಿರುತ್ತದೆ: ಅಗಲ ಏಳಡಿ, ಉದ್ದ ಅರವತ್ತು.

“ಸಂಜಿತನಕ ನಾನೇ ನಡಸ್ತೀನಿ. ಎಲ್ಲೂ ಬಡೀಲಿಲ್ಲಂದ್ರ ನನ್ನ ಚಾವಿ ನನಗ ಕೊಡಬೇಕು ನೋಡವಾ.”

“ಬಡದ್ರ?”

“ಬಡದ್ರ ಸಾಯೂತನಕ ನಿನ್ನ ಹಿಂದಿನ ಸೀಟಿನ್ಯಾಗ ಕುಂದರ್ತೀನಿ.”

ಅಕ್ಕ ಒಪ್ಪಿದಳು. ಹಿಂದಿನ ಸೀಟಿನಿಂದ ಬರುವ ಸಲಹೆಗಳು ಅವಳಿಗೂ ಸಾಕಾಗಿದ್ದವು.

ದೋಣಿಯ ಮಾಲೀಕ ಅರ್ಧ ಗಂಟೆ ಪಾಠ ಹೇಳಿದ. ಅವನದು ಬಾಯ್ತುಂಬ ಎಲೆಅಡಿಕೆ ತುಂಬಿಕೊಂಡು ಉಗುಳಲು ಜಾಗ ಹುಡುಕುತ್ತಿರುವವನ ಇಂಗ್ಲಿಷ್. ಅದನ್ನು ಕೇಳಿ ತಿಳಿಸುವ ಕೆಲಸ ನನಗೆ ಬಂತು. ಇದು ದೊಡ್ಡ ತಪ್ಪು. ಯಾರು ಮಾತಾಡಿದರೂ ನನ್ನ ಕಿವಿ ಧ್ವನಿಯನ್ನು ಹಿಡಿಯುತ್ತದೆ, ವಿಷಯವನ್ನು ಬಿಟ್ಟುಬಿಡುತ್ತದೆ. ಆಸ್ಟಿನ್ನಿನ ನಮ್ಮ ಆಫೀಸಿನಲ್ಲಿ, ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದಾನೆಂದು ತಿಳಿಯದೆ ಎರಡು ನಿಮಿಷ ಅವನ ಧ್ವನಿಯಲ್ಲೇ ಮೀಟಿಂಗ್ ನಡೆಸಿದವನು ನಾನು.

“ಏನಂದ್ನೋ ಅವಾ?” ಅವ್ವ ಕೇಳಿದಳು.

ನಾನು ಇಲ್ಲದ ಮೀಸೆ ತಿರುವಿ ಮಾಲೀಕನ ಹಾಗೆಯೇ ಗೊರಗೊರ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಮುಗಿಯುವಷ್ಟರಲ್ಲಿ ದೋಣಿ ಹೊರಟಿತ್ತು.

ಹೊರಟಿತ್ತು ಎನ್ನುವುದೂ ಹೆಚ್ಚಾಯಿತು. ದಂಡೆಯ ಮೇಲೆ ನಾಯಿ ಹಿಡಿದು ನಡೆಯುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ಹಿಂದೆ ಹಾಕಿದಳು. ಈ ವೇಗದಲ್ಲಿ ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಹೊರಟರೆ ಕಟ್ಟಿಕೊಂಡ ರೊಟ್ಟಿ ಮುಗಿದು, ದಾರಿಯಲ್ಲಿ ಮತ್ತೆ ಜೋಳ ಬಿತ್ತಬೇಕಾದೀತು. ಅಪ್ಪ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತು, ಮೊದಲು ಕನ್ನಡಿ ಹುಡುಕಿದ, ಆಮೇಲೆ ಬ್ರೇಕ್ ಹುಡುಕಿದ. ಎರಡೂ ಇರಲಿಲ್ಲ.

“ರೀ, ಬಾತುಕೋಳಿ ಅದಾವ್ರಿ!” ಅವ್ವ ಚೀರಿದಳು.

“ಅವಕ್ಕ ಈಜಾಕ ಬರ್ತದ. ನೀ ಶೇಂಗಾ ಚಟ್ನಿ ಹಾಕು.”

ಊಟವಾದ ಮೇಲೆ, ಒಂದು ತಿರುವಿನಲ್ಲಿ ಎದುರಿಗೊಂದು ದೋಣಿ ಬಂತು. ಇಂಗ್ಲೆಂಡಿನ ರಸ್ತೆಯಲ್ಲಿ ಎಡಕ್ಕೇ ಹೋಗಬೇಕು; ವಾರವಿಡೀ ಅಕ್ಕ ಬಾಡಿಗೆ ಕಾರು ಓಡಿಸುವಾಗ ಪ್ರತಿ ಸರ್ಕಲ್‌ನಲ್ಲೂ ‘ಎಡಕ್ಕ, ಎಡಕ್ಕ’ ಎಂದು ನಾವು ಭಜನೆ ಮಾಡಿದ್ದೆವು. ಈಗಲೂ ಮೂವರೂ ಒಟ್ಟಿಗೆ ಕೂಗಿದೆವು: “ಎಡಕ್ಕ ತಗೋ ಅಪ್ಪಾ!” “ಎಡಕ್ಕ ತಗೋರಿ!”

ಅಪ್ಪ ಬಲಕ್ಕೆ ಹೋದ. ಎರಡು ದೋಣಿಗಳ ನಡುವೆ ಒಂದು ಮೊಳ ನೀರಿತ್ತು. ಆ ದೋಣಿಯ ಹೆಂಗಸು ಚಹಾ ಕಪ್ಪನ್ನು ಎತ್ತಿ ತೋರಿಸಿದಳು. ಅಪ್ಪ ಹ್ಯಾಟು ಎತ್ತಿದ.

ಸಂಜೆ ಎಲ್ಲೂ ತಗುಲದೆ ದಡ ಮುಟ್ಟಿದೆವು. ಅಪ್ಪ ಕೈ ಚಾಚಿದ.

“ಬಡೀಲಿಲ್ಲ, ಖರೆ,” ಅಂದಳು ಅಕ್ಕ. “ಆದ್ರ ರಾಂಗ್ ಸೈಡಿಗೆ ಹ್ವಾದಿ. ಆಕಿ ಪುಣ್ಯಾತಗಿತ್ತಿ ಸರದು ಜಾಗಾ ಕೊಟ್ಲು. ಚಾವಿ ಇಲ್ಲ.”

ಅಪ್ಪ ಹ್ಯಾಟು ತೆಗೆದು ದಡದ ಬೆಂಚಿನ ಮೇಲೆ ಕೂತ. ಮೂರು ಹೊತ್ತೂ ಗುಡುಗುವವನು ಸುಮ್ಮನೆ ಕೂತರೆ ನೋಡಲಾಗುವುದಿಲ್ಲ. ಅವನನ್ನು ನಗಿಸೋಣವೆಂದು ನಾನು ಮತ್ತೆ ಮಾಲೀಕನಾದೆ. ಬೆಳಗಿನ ಪಾಠವನ್ನು ಅದೇ ಎಳೆತದ ಇಂಗ್ಲಿಷಿನಲ್ಲಿ, ಅದೇ ಕೆಮ್ಮಿನ ಸಮೇತ ಮೊದಲಿನಿಂದ ಶುರುಮಾಡಿದೆ. ಎಂಜಿನ್ ಬಂತು, ಹಗ್ಗ ಬಂತು. ಧ್ವನಿಯ ಬಾಲ ಹಿಡಿದು ಮಾತೂ ಒಂದೊಂದಾಗಿ ಬಾಯಿಗೆ ಬರತೊಡಗಿತು: “ಎದುರಿಗೆ ದೋಣಿ ಬಂದರೆ ಬಲಕ್ಕೆ ಹೋಗಿ. ರಸ್ತೆಯ ನಿಯಮ ರಸ್ತೆಗೆ, ನೀರಿನದು ನೀರಿಗೆ.”

ಬಲಕ್ಕೆ! ಅಪ್ಪ ಹೋದದ್ದೂ ಬಲಕ್ಕೇ. ನಾನು ಅಕ್ಕನತ್ತ ತಿರುಗಿದೆ.

“ನನಗಿಂತ ಚೆನ್ನಾಗಿ ಹೇಳಿದಿರಿ,” ಎಂದಿತು ಹಿಂದಿನಿಂದ ಅದೇ ಧ್ವನಿ. ಮಾಲೀಕ ಹಗ್ಗ ಸುತ್ತುತ್ತಾ ನಿಂತಿದ್ದ. ನನ್ನ ಬೆನ್ನ ಹಿಂದೆ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ.

ಅಕ್ಕ ಅವನನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಪರ್ಸಿನಿಂದ ಚಾವಿ ತೆಗೆದಳು. ಅಪ್ಪ ಜೊತೆಗೇ ಬಂದಿದ್ದರೂ ಮನೆಯಲ್ಲಿ ಬಿಡುವ ಧೈರ್ಯವಾಗದೆ ಅದನ್ನು ಇಂಗ್ಲೆಂಡಿನವರೆಗೆ ಹೊತ್ತು ತಂದಿದ್ದಳು.

ಹೋಟೆಲಿಗೆ ಹೋಗುವಾಗ ಪಿಸುಗುಟ್ಟಿದೆ: “ಅಪ್ಪಾ, ಅವಾ ಹೇಳಿದ್ದು ನಿನಗ ತಿಳಿದಿತ್ತಾ?”

“ಫ್ರಿಸ್ಕೋದಾಗ ಬಲಕ್ಕ ಹೋಗಿ ರೂಢಿ, ಇಲ್ಲೂ ಹ್ವಾದೆ. ನನಗೇನ್ ಗೊತ್ತು ಮಂಗ್ಯಾ? ಅಕ್ಕಗ ಹೇಳಬ್ಯಾಡ.”

ನಾನು ಹೇಳಿಲ್ಲ, ಬರೆದಿದ್ದೇನೆ ಅಷ್ಟೆ. ಅಕ್ಕ ಕನ್ನಡ ಓದುವುದು ನ್ಯಾರೋಬೋಟಿನ ವೇಗದಲ್ಲಿ. ಅವಳು ಈ ಸಾಲು ಮುಟ್ಟುವಷ್ಟರಲ್ಲಿ ಅಪ್ಪ ಕೊತ್ತಂಬರಿ ತಂದು ಕಾರು ನಿಲ್ಲಿಸಿರುತ್ತಾನೆ.