ತೊಟ್ಟಿಗೊಂದು ಸೂಟಿ

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಕೊಳೆನೀರು ಶುದ್ಧ ಮಾಡುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಕೊನೆ. ತೊಟ್ಟಿಗೆ ಗಾಳಿ ಊದಿದರೆ ಅದರೊಳಗಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಅರ್ಧ ಕೆಲಸ ಮಾತ್ರ. ನೈಟ್ರೇಟೂ ಹೋಗಬೇಕಾದರೆ ಗಾಳಿ ಊದದ ಇನ್ನೊಂದು ತೊಟ್ಟಿ ಬೇಕು. ಯಜಮಾನರನ್ನು ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೂಣು" ಅನ್ನುತ್ತಿದ್ದರು. ಅವರ ಮುಂದಿನ ವರ್ಷ ಯಾವ ಪಂಚಾಂಗದಲ್ಲೂ ಇರಲಿಲ್ಲ.

ಆ ನೀರು ಹಳ್ಳ ಸೇರುತ್ತಿತ್ತು. ನೈಟ್ರೇಟ್ ಹೆಚ್ಚಾದ ನೀರು ಕುರಿಗೆ ವಿಷ. ಹಾಗೆ ಕುರಿ ಕಳೆದುಕೊಂಡಿದ್ದ ಹಿರಿಯ ಕುರಿಗಾರರೊಬ್ಬರು ಆಗಾಗ ಗೇಟಿಗೆ ಬಂದು ಕೇಳುತ್ತಿದ್ದರು: "ಬಾಯಾರ, ಹಳ್ಳದ ನೀರು ಛಲೋ ಆತೇನ್ರಿ?" ಹೆಂಗಸರನ್ನು ಅಲ್ಲಿ ಗೌರವದಿಂದ ಬಾಯಾರ ಎಂದೇ ಕರೆಯುವುದು.

ಅವರ ಹಿಂಡಿಗೆ ಹತ್ತಿರದಲ್ಲಿ ಬೇರೆ ನೀರಿರಲಿಲ್ಲ. ಇಲ್ಲ ಎನ್ನುವಾಗ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುತ್ತದೆ.

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆಯ ಮರುದಿನ ಹೋಗಿ ನೋಡಿದರೆ ಗಾಳಿ ಊದುವ ಯಂತ್ರ ಕುಂಕುಮ ಹಚ್ಚಿಕೊಂಡು ಸುಮ್ಮನೆ ಕುಳಿತಿತ್ತು. ಪೂಜೆ ಮಾಡಿದ ಮಗ್ಗವನ್ನು ಆ ದಿನ ಯಾರೂ ಮುಟ್ಟದ ಊರು ಅದು. ಯಂತ್ರ ನೋಡಿಕೊಳ್ಳುವವರು ಇದನ್ನೂ ನಿಲ್ಲಿಸಿದ್ದರು. ಸಾಲದ್ದಕ್ಕೆ, ನೈವೇದ್ಯವೆಂದು ಮಹಾಲಿಂಗಪುರದ ಬೆಲ್ಲದ ದೊಡ್ಡ ಅಚ್ಚು, ಇಡೀ ಪೆಂಟಿಯನ್ನೇ ಕರಗಿಸಿ ತೊಟ್ಟಿಗೆ ಸುರುವಿದ್ದರು.

"ಹುಳಾನೂ ದುಡೀತಾವಲ್ರಿ ಬಾಯಾರ. ಅವಕ್ಕೊಂದಿನ ಸೂಟಿ ಬ್ಯಾಡೇನ್ರಿ?" ಎಂದು ರಜೆ ಕೊಟ್ಟ ಯಜಮಾನರ ಗತ್ತಿನಲ್ಲೇ ಕೇಳಿದರು.

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ತೊಟ್ಟಿಗೆ ಬಗ್ಗಿ ನೋಡಿದೆ. ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ನೀರು ಪರೀಕ್ಷಿಸಿದರೆ ನೈಟ್ರೇಟ್ ಇಳಿದುಹೋಗಿತ್ತು. ಗಾಳಿ ನಿಂತದ್ದರಿಂದ ಅದೇ ತೊಟ್ಟಿಯಲ್ಲಿ ಬೇರೆ ಜೀವಿಗಳು ಬೆಲ್ಲ ತಿಂದು, ನೈಟ್ರೇಟನ್ನೇ ಉಸಿರಾಗಿ ಬಳಸಿ, ಅದರ ಸಾರಜನಕವನ್ನು ಆಕಾಶಕ್ಕೆ ಬಿಟ್ಟಿದ್ದವು. ಎರಡನೆಯ ತೊಟ್ಟಿಯ ಕೆಲಸ ಒಂದರಲ್ಲೇ ಆಗಿತ್ತು. ಬೈದ ಬಾಯಲ್ಲೇ ನಗು ಬಂತು.

ಅಂದಿನಿಂದ ತೊಟ್ಟಿಗೆ ದಿನವೂ ಒಂದಿಷ್ಟು ಹೊತ್ತು ಸೂಟಿ, ಒಂದಿಷ್ಟು ಬೆಲ್ಲ. ಹಳ್ಳದ ನೀರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಕೊನೆಗೊಂದು ದಿನ ಕುರಿಗಾರರಿಗೆ ಹೂಂ ಅಂದೆ.

ಅವರು ಹಿಂಡು ತರಲಿಲ್ಲ. ಹಿಂಡಿನ ಮುಂದೆ ನಡೆಯುವ ಮುದಿ ಕುರಿಯೊಂದನ್ನೇ ಹಳ್ಳಕ್ಕೆ ಇಳಿಸಿದರು. ಅದರ ಕಿವಿ ನೇವರಿಸುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಬ್ಯಾರೆ ಯಾವುದಾರ ಕುರಿ ತರಬಹುದಿತ್ತಲ್ರಿ?"

"ಬ್ಯಾರೇದು ಸತ್ರ ನಾಲ್ಕು ದಿನಕ್ಕ ಮರೀತೇವ್ರಿ ಬಾಯಾರ. ಇದು ಸತ್ರ ನಾ ಮರಿಯಾಂಗಿಲ್ಲ. ನೀವೂ ಮರಿಯಾಂಗಿಲ್ಲ."

ಕುರಿ ಹೊಟ್ಟೆ ತುಂಬ ಕುಡಿಯಿತು. ನಾನು ಕಾರ್ಖಾನೆಗೆ ಮರಳದೆ ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಪರೀಕ್ಷೆ ಸರಿಯಿದೆ ಎಂದು ಗೊತ್ತಿದ್ದೂ ಕುರಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಬಿಸಿಲು ಇಳಿದ ಮೇಲೆ ಅದು ಜಾಲಿಯ ನೆರಳಲ್ಲಿ ಮಲಗಿ ನಿಧಾನವಾಗಿ ಮೆಲುಕು ಹಾಕತೊಡಗಿತು.

ಆಗ ನಾನು ಮಧ್ಯಾಹ್ನದ ರೊಟ್ಟಿಯ ಗಂಟು ಬಿಚ್ಚಿದೆ.